ಇಳಿಹೊತ್ತನ್ನು ಕಡ ತಂದ ತಿಪ್ಪಕ್ಕ

ಬಹಳ ಬಹಳ ಹಿಂದೆ, ಏಳು ಹಳ್ಳ ದಾಟಿದರೆ ಸಿಗುವ ಸೋರೆನಾಡು ಎಂಬ ರಾಜ್ಯದಲ್ಲಿ ಒಂದು ಬೀದಿಗೆ ಒಂದೇ ಏಣಿ ಇತ್ತು. ಒಂದೇ ಕೊಪ್ಪರಿಗೆ, ಒಂದೇ ಬೀಸುವ ಕಲ್ಲು, ಒಂದೇ ತೊಟ್ಟಿಲು. ಬೇಕಾದವರು ಇದ್ದವರ ಮನೆಗೆ ಹೋಗಿ ಕಡ ಕೇಳುತ್ತಿದ್ದರು. ಕೇಳಲು ಹೋದವರು ಕೂರುತ್ತಿದ್ದರು. ಕೂತವರು ಮಾತಾಡುತ್ತಿದ್ದರು. ಬಿಸಿಲು ಇಳಿದು ದನ ಮನೆಗೆ ಬರುವ ತನಕದ ಹೊತ್ತೆಲ್ಲ ಹೀಗೇ ಹೋಗುತ್ತಿತ್ತು. ಆ ಹೊತ್ತಿಗೆ ಅವರು ಇಳಿಹೊತ್ತು ಅನ್ನುತ್ತಿದ್ದರು. ಅದರಲ್ಲಿ ಯಾರೂ ಏನೂ ಘನವಾದದ್ದನ್ನು ಮಾಡುತ್ತಿರಲಿಲ್ಲ. ಅದೇ ಅದರ ಘನತೆ.

ಒಂದು ದಿನ ಗುಡ್ಡದ ಮೇಲಿನ ಹಾಳು ಕೋಟೆಗೆ ಜಂಭೂರ ಎಂಬ ಮಂತ್ರವಾದಿ ಬಂದು ಸೇರಿದ. ಮರುದಿನ ಅವನ ಗಾಡಿಗಳು ಬೀದಿ ಬೀದಿಗೆ ಇಳಿದವು. ಎತ್ತಿಲ್ಲದೆ ನಡೆಯುವ ಗಾಡಿಗಳು.

"ಪಾಪ, ಒಂದು ಏಣಿಗೆ ಹತ್ತು ಮನೆ ತಿರುಗುತ್ತೀರಲ್ಲ! ಮನೆಗೊಂದು ಏಣಿ ತಗೊಳ್ಳಿ. ಬೆಲೆ ಏನೂ ಇಲ್ಲ. ಒಂದು ಇಳಿಹೊತ್ತು ಕೊಟ್ಟರೆ ಸಾಕು," ಎಂದವು ಗಾಡಿಗಳು.

ಸೋರೆನಾಡಿನವರದು ಒಂದು ಪದ್ಧತಿ. ಕೈನೀಡಿ ಕೊಟ್ಟದ್ದನ್ನು ಬೇಡ ಅನ್ನುವುದು ಅವರಲ್ಲಿ ಬೈಗುಳಕ್ಕಿಂತ ಕೆಟ್ಟದ್ದು. ನೆರೆಮನೆಯವರು ಕೊಟ್ಟ ಕಹಿ ಸೋರೆಕಾಯನ್ನೂ ಕಣ್ಣಿಗೊತ್ತಿಕೊಂಡು ಒಳಗಿಡುವ ಜನ. ನೆರೆಯವನಿಗೂ ಮಾರಲು ಬಂದವನಿಗೂ ವ್ಯತ್ಯಾಸ ಇದೆ ಎಂದು ಅವರಿಗೆ ಯಾರೂ ಹೇಳಿರಲಿಲ್ಲ. ತಗೊಂಡರು. ಏಣಿ ತಗೊಂಡರು, ಕೊಪ್ಪರಿಗೆ ತಗೊಂಡರು, ಛತ್ರಿಗೊಂದು ಛತ್ರಿ ತಗೊಂಡರು. ಆ ಏಣಿಗಳು ಮೂರು ತಿಂಗಳಿಗೆ ಮುರಿಯುತ್ತಿದ್ದವು. ಆಗ ಮತ್ತೊಂದು ಏಣಿ, ಮತ್ತೊಂದು ಇಳಿಹೊತ್ತು. ಇಳಿಹೊತ್ತುಗಳೆಲ್ಲ ಖರ್ಚಾಗಿ ಒಂದೂ ಉಳಿಯದವರು ಕಾಲಿನಿಂದ ಮರವಾಗತೊಡಗಿದರು. ಏಳನೆಯ ದಿನ ತಲೆಯ ಮೇಲೆ ಮುಚ್ಚಳ ಬಿದ್ದು, ಪೂರಾ ಪೆಟ್ಟಿಗೆಯಾಗಿಬಿಡುತ್ತಿದ್ದರು. ಜಂಭೂರನಿಗೆ ಅದೂ ಅನುಕೂಲವೇ. ಅಷ್ಟು ಸಾಮಾನು ಇಡಲು ಪೆಟ್ಟಿಗೆ ಬೇಕಲ್ಲ!

ರಾಜ ಏನು ಮಾಡುತ್ತಿದ್ದ ಅಂತೀರಾ? ರಾಜನೇ ಮೊದಲ ಗಿರಾಕಿ. ಅವನು ಚಿನ್ನದ ಪಟ್ಟಿ ಹೊಡೆದ ದೊಡ್ಡ ಪೆಟ್ಟಿಗೆಯಾದ. ಮಂತ್ರಿಗಳು ಪೆಟ್ಟಿಗೆಗೇ ಕೈಮುಗಿದು ಆಡಳಿತ ನಡೆಸಿದರು. ಯಾರಿಗೂ ವ್ಯತ್ಯಾಸ ಗೊತ್ತಾಗಲಿಲ್ಲ.

ಆ ನಾಡಿನಲ್ಲಿ ತಿಪ್ಪಕ್ಕ ಎಂಬ ಕಲಾಯಿ ಹಾಕುವವಳಿದ್ದಳು. ತಾಮ್ರದ ಪಾತ್ರೆಗೆ ತವರ ಬಳಿದು ಹೊಳೆಯುವಂತೆ ಮಾಡುವುದು ಅವಳ ಕಸುಬು. ತೇಪೆ ಹಾಕಿದ ಒಂದು ತಿದಿ, ಒಂದು ಇಕ್ಕಳ, ಒಂದು ಚೀಲ. ಇಷ್ಟೇ ಅವಳ ಆಸ್ತಿ. ವರ್ಷಕ್ಕೊಮ್ಮೆ ದೂರದ ನಾಡುಗಳನ್ನೆಲ್ಲ ಸುತ್ತಿ, ಮನೆಗೆ ಬಂದು ಅಕ್ಕ ಮಾಳವ್ವನ ಮಡಿಲಲ್ಲಿ ತಲೆಯಿಟ್ಟು ಮಲಗುವಳು.

ಆ ವರ್ಷ ಬಂದು ನೋಡಿದರೆ ಬಾಗಿಲು ತೆರೆಯಲು ಜಾಗವಿರಲಿಲ್ಲ. ನಾಲ್ಕು ಏಣಿ, ಒಂಬತ್ತು ಕೊಪ್ಪರಿಗೆ, ಮಗುವಿಲ್ಲದ ಮನೆಯಲ್ಲಿ ಮೂರು ತೊಟ್ಟಿಲು. ಅವುಗಳ ನಡುವೆ ಮಾಳವ್ವ ನಿಂತಿದ್ದಳು. ಸೊಂಟದ ತನಕ ಹಲಸಿನ ಮರದ ಪೆಟ್ಟಿಗೆ, ಮೇಲೆ ಅಕ್ಕ.

"ಇದೇನಕ್ಕಾ ಇದು!"

"ಬೈಬೇಡ ಕಣೇ ತಿಪ್ಪಿ. ಎಲ್ಲರ ಮನೇಲೂ ಎಲ್ಲಾ ಆಯ್ತು. ಆಮೇಲೆ ನಮ್ಮನೆಗೆ ಯಾರೂ ಏನೂ ಕೇಳೋಕೆ ಬರಲಿಲ್ಲ. ಒಬ್ಬಳೇ ಕೂತು ಕೂತು ಬೇಜಾರಾಗೋದು. ಬೇಜಾರಾದಾಗೆಲ್ಲ ಇನ್ನೊಂದು ತಗೊಂಡೆ."

"ಮೂರು ತೊಟ್ಟಿಲು ಯಾತಕ್ಕೆ?"

"ಎರಡು ತಗೊಂಡ್ರೆ ಮೂರನೇದು ಸುಮ್ನೆ ಕೊಡ್ತೀನಿ ಅಂತು ಗಾಡಿ. ಇವತ್ತಿಗೆ ನಾಲ್ಕು ದಿನ ಆಯ್ತು. ಇನ್ನು ಮೂರು ದಿನಕ್ಕೆ ಮುಚ್ಚಳ."

ತಿಪ್ಪಕ್ಕನಿಗೆ ಅಳು ಬರಲಿಲ್ಲ, ಸಿಟ್ಟು ಬಂತು. ಅಕ್ಕನ ಮೇಲಲ್ಲ. ಒಂಟಿ ಹೆಂಗಸಿನ ಬೇಜಾರನ್ನು ಅಳೆದು ಅದಕ್ಕೆ ತೊಟ್ಟಿಲು ಮಾರಿದವನ ಮೇಲೆ. ಚೀಲ ಹೆಗಲಿಗೇರಿಸಿ, "ನಿನ್ನ ಇಳಿಹೊತ್ತು ತಗೊಂಡೇ ಬರ್ತೀನಿ," ಎಂದು ಗುಡ್ಡದ ದಾರಿ ಹಿಡಿದಳು.

ಒಂದು ದಿನ ನಡೆದಳು, ಎರಡು ದಿನ ನಡೆದಳು, ಮೂರನೆಯ ದಿನ ಕೋಟೆ ಕಂಡಿತು. ಅಲ್ಲಿ ಸೂರ್ಯ ಮುಳುಗುತ್ತಿರಲಿಲ್ಲ. ಕದ್ದ ಇಳಿಹೊತ್ತುಗಳ ಹಳದಿ ಬೆಳಕು ಸದಾ ಗೋಡೆಯ ಮೇಲೆ ಬಿದ್ದಿರುತ್ತಿತ್ತು. ದಾರಿಯ ಎರಡೂ ಕಡೆ ಪೆಟ್ಟಿಗೆಗಳ ಸಾಲು. ಅದರಲ್ಲೊಂದಕ್ಕೆ ಇನ್ನೂ ಕುತ್ತಿಗೆ, ತಲೆ ಉಳಿದಿತ್ತು.

"ನಾನು ಈ ನಾಡಿನ ರಾಜಕುಮಾರ," ಎಂದಿತು ತಲೆ. "ಅಪ್ಪನನ್ನು ಬಿಡಿಸಲು ಬಂದಿದ್ದೆ. ಒಳಗೆ ಒಂದು ಕತ್ತಿ ಇತ್ತು. ಬಹಳ ಚೆನ್ನಾಗಿತ್ತು."

"ಸೊಂಟದಲ್ಲಿ ಕತ್ತಿ ಇರಲಿಲ್ಲವಾ?"

"ಇತ್ತು. ಅದು ಹೋದ ವರ್ಷದ್ದು." ರಾಜಕುಮಾರ ನಿಟ್ಟುಸಿರುಬಿಟ್ಟ. "ಕೇಳಮ್ಮ, ಕೋಟೆಯೊಳಗಿನ ಯಾವ ವಸ್ತುವನ್ನೂ ನಿನ್ನದು ಮಾಡಿಕೊಳ್ಳಬೇಡ. ಅಲ್ಲಿ ಏಳು ದಿನದ ಗಡುವಿಲ್ಲ. ತಗೊಂಡ ಕೂಡಲೇ ಮರ. ನನ್ನ ಮರಗೈಯಿಂದ ಕತ್ತಿ ಜಾರಿಬಿತ್ತು, ಅದಕ್ಕೇ ತಲೆಯಾದರೂ ಉಳಿದಿದೆ."

ಮೊದಲ ಬಾಗಿಲಲ್ಲಿ ಒಂದು ನವಿಲು ನಿಂತಿತ್ತು. ಆನೆಯಷ್ಟು ದೊಡ್ಡದು. ಗರಿ ಬಿಚ್ಚಿದರೆ ಒಂದೊಂದು ಕಣ್ಣಿನಲ್ಲೂ ಒಂದೊಂದು ವಸ್ತು.

"ಬಾ ಕಲಾಯಿಯವಳೇ. ನಿನ್ನ ತಿದಿಗೆ ಆರು ತೇಪೆ. ಇಗೋ, ಬೆಳ್ಳಿಯ ತಿದಿ. ಒತ್ತದೆಯೇ ಗಾಳಿ ಊದುತ್ತದೆ."

"ಒತ್ತೋದು ನನಗೆ ಬರ್ತದೆ. ನನ್ನ ತಿದಿ ಎಲ್ಲಿ ಉಸಿರು ಬಿಡ್ತದೆ, ಯಾವ ಬೆರಳಲ್ಲಿ ಮುಚ್ಚಬೇಕು ಅಂತ ನನಗೆ ಗೊತ್ತು. ನಿಂದು ಕೆಟ್ಟರೆ ಬಿಚ್ಚೋದು ಹೇಗೆ?"

"ಕೆಟ್ಟರೆ ಬಿಚ್ಚುವುದಿಲ್ಲ, ಹೊಸದು ಕೊಡುತ್ತೇನೆ."

"ಹಾಗಾದರೆ ಅದು ತಿದಿ ಅಲ್ಲ. ಗಾಳ."

ನವಿಲಿಗೆ ರೇಗಿತು. "ಇಲ್ಲದವರೆಲ್ಲ ಬೇಡ ಅನ್ನುವವರೇ!"

"ಎಲೈ ಪುಕ್ಕದ ರಾಶಿ," ತಿಪ್ಪಕ್ಕ ಸೊಂಟಕ್ಕೆ ಕೈಯಿಟ್ಟಳು. "ಹಸಿವು ನನಗೆ ಗೊತ್ತು. ಹಸಿದಾಗ ಅನ್ನ ಬೇಕು ಅಂತ ಗಟ್ಟಿಯಾಗೇ ಕೇಳಿದ್ದೀನಿ, ಕಿತ್ತುಕೊಂಡೂ ತಿಂದಿದ್ದೀನಿ. ಬೇಕಾದ್ದು ಬೇಕು. ಬೇಡದ್ದು ಬೇಡ. ಇಷ್ಟು ತಿಳಿಯೋಕೆ ಮೈತುಂಬ ಕಣ್ಣು ಬೇಕಾಗಿಲ್ಲ."

ಬೇಡ ಎಂದು ಮನಸಾರೆ ಹೇಳಿದವರನ್ನು ನವಿಲು ಹುಟ್ಟಿದಾಗಿನಿಂದ ಕಂಡಿರಲಿಲ್ಲ. ಗರಿಗಳೆಲ್ಲ ಉದುರಿ ಕೋಳಿಯಷ್ಟಾಗಿ ಓಡಿಹೋಯಿತು.

ಎರಡನೆಯ ಬಾಗಿಲಲ್ಲಿ ಹನ್ನೆರಡು ಮುಸುವಗಳು ಸಾಲಾಗಿ ಕೂತಿದ್ದವು. ಕರಿಮುಖದ ಕೋತಿಗಳು. ಎಲ್ಲದರ ಹೆಗಲ ಮೇಲೂ ಪಟ್ಟೆಯ ಶಾಲು. ಅವು ಏನನ್ನೂ ಕೊಡಲಿಲ್ಲ, ಮಾತೂ ಆಡಿಸಲಿಲ್ಲ. ತಿಪ್ಪಕ್ಕನ ಸೀರೆಯ ಅಂಚನ್ನು ನೋಡಿದವು. ಮಸಿ ಹಿಡಿದ ಉಗುರನ್ನು ನೋಡಿದವು. ಒಂದರ ಕಿವಿಯಲ್ಲಿ ಒಂದು ಏನೋ ಹೇಳಿ ಕಿಸಕ್ಕನೆ ನಕ್ಕವು.

ತಿಪ್ಪಕ್ಕ ಹತ್ತು ಹೆಜ್ಜೆ ನಡೆದಳು. ಕಿಸಕ್. ಇಪ್ಪತ್ತು ಹೆಜ್ಜೆ ನಡೆದಳು. ಕಿಸಕ್. ಪಕ್ಕದ ಗೂಟದಲ್ಲಿ ಹದಿಮೂರನೆಯ ಶಾಲೊಂದು ನೇತಾಡುತ್ತಿತ್ತು. ನವಿಲನ್ನು ಬೈದು ಓಡಿಸಿದವಳು, ಆ ಗಟ್ಟಿಗಿತ್ತಿ, ಎಡಗೈ ಚಾಚಿ ಶಾಲನ್ನು ಎಳೆದುಕೊಂಡು ಹೊದ್ದೇಬಿಟ್ಟಳು. ಮುಸುವಗಳು ಕೂಡಲೇ ಸರಿದು ತಮ್ಮ ಸಾಲಿನಲ್ಲಿ ಜಾಗ ಮಾಡಿದವು. "ಬನ್ನಿ, ಕೂತ್ಕೊಳ್ಳಿ," ಎಂದವು.

ಬೆರಳು ಮರವಾಯಿತು. ಮುಂಗೈ ಮರವಾಯಿತು. ಮೊಣಕೈಗೆ ಬರುವಾಗ ತಿಪ್ಪಕ್ಕನಿಗೆ ಎಚ್ಚರವಾಯಿತು. ಕೋತಿಗಳ ನಡುವೆ ಕೂರುವ ಯೋಗ್ಯತೆಗಾಗಿ ಕೈ ಕೊಟ್ಟೆನಲ್ಲ! ಶಾಲನ್ನು ಕಿತ್ತು ಅವುಗಳ ಮುಖಕ್ಕೆ ಎಸೆದು ಓಡಿದಳು. ಮರ ಅಲ್ಲಿಗೇ ನಿಂತಿತು, ಆದರೆ ಹೋದ ಕೈ ಮರಳಿ ಬರಲಿಲ್ಲ. ನಗೆಯ ಮುಂದೆ ಸೋಲದವರು ಯಾರಿದ್ದಾರೆ? ಸೋತ ಮೇಲೂ ಮುಂದಕ್ಕೆ ನಡೆದಳಲ್ಲ, ಅದನ್ನು ಹೊಗಳಬೇಕು.

ಮೂರನೆಯ ಬಾಗಿಲ ಒಳಗೆ ಜಂಭೂರ ಇದ್ದ. ಸುತ್ತಲೂ ಸಾವಿರಾರು ಭರಣಿ. ಒಂದೊಂದರಲ್ಲೂ ಒಬ್ಬೊಬ್ಬರ ಇಳಿಹೊತ್ತುಗಳು ಜೇನಿನಂತೆ ಹೊಳೆಯುತ್ತಿದ್ದವು. ಅವನು ಒಂದು ಬಟ್ಟೆ ಹಿಡಿದು ಧೂಳು ಒರೆಸುತ್ತಿದ್ದ. ಮೂಳೆ ಚಕ್ಕಳದ ಮನುಷ್ಯ. ಕೊನೆಯ ಭರಣಿ ಒರೆಸುವಷ್ಟರಲ್ಲಿ ಮೊದಲನೆಯದಕ್ಕೆ ಧೂಳು ಕೂರುತ್ತಿತ್ತು. ಕೋಟೆಗೆ ಬಂದಾಗಿನಿಂದ ಅವನಿಗೆ ಅದೇ ಕೆಲಸ.

"ಇಷ್ಟೊಂದು ಇಳಿಹೊತ್ತಿದೆ, ಒಂದರಲ್ಲಾದರೂ ಕೂತಿದ್ದೀಯಾ?" ಕೇಳಿದಳು ತಿಪ್ಪಕ್ಕ.

"ಕೂತರೆ ಕಾಯುವವರು ಯಾರು?" ಜಂಭೂರ ಹಲ್ಲುಕಿರಿದ. "ತಿಪ್ಪೆ ಅಂತ ಹೆಸರಿಟ್ಟುಕೊಂಡವಳಿಗೆ ಸಂಪತ್ತಿನ ಕಷ್ಟ ಏನು ಗೊತ್ತು! ಇಗೋ, ನಿನ್ನ ಅಕ್ಕನ ಭರಣಿ. ತಗೋ. ನಿನ್ನದೇ. ಇವತ್ತು ಏಳನೆಯ ದಿನ. ಅಲ್ಲಿ ಮುಚ್ಚಳ ಅಲ್ಲಾಡುತ್ತಿದೆ."

ಭರಣಿಯೊಳಗೆ ಮಾಳವ್ವನ ಮಡಿಲು ಕಾಣುತ್ತಿತ್ತು. ತಿಪ್ಪಕ್ಕನ ಬಲಗೈ ತಾನಾಗಿ ಮೇಲೆದ್ದಿತು. ತಗೊಂಡರೆ ತಾನು ಪೆಟ್ಟಿಗೆ. ಬಿಟ್ಟರೆ ಅಕ್ಕ ಪೆಟ್ಟಿಗೆ. ಬೇಡ ಅನ್ನುವಂತಿಲ್ಲ, ಏಕೆಂದರೆ ಇದು ಬೇಕಾದ್ದು. ಅವಳು ಕೈಯನ್ನು ಹಾಗೇ ಗಾಳಿಯಲ್ಲಿ ನಿಲ್ಲಿಸಿದಳು. ಚಿಕ್ಕಂದಿನಿಂದ ಸಾವಿರ ಸಲ ಆಡಿದ ಮಾತೇ ಬಾಯಿಗೆ ಬಂತು.

"ನನಗೆ ಇದು ಇಟ್ಟುಕೊಳ್ಳೋಕೆ ಬೇಡ. ಕಡ ಕೊಡು."

"ಕಡ? ಹಾಗೆಂದರೇನು?"

"ನೀನು ಕೊಡ್ತೀಯ. ನಾನು ಬಳಸಿ ವಾಪಸು ತರ್ತೀನಿ."

"ಹಾಗಾದರೆ ಅದು ಯಾರದ್ದು? ನನ್ನದೋ ನಿನ್ನದೋ?"

"ಅಯ್ಯೋ, ಏಣಿ ಮೇಲೆ ನಿಂತಿರುವಾಗ ಯಾರಾದರೂ ಅದನ್ನ ಕೇಳ್ತಾರೇನು!"

ಜಂಭೂರ ಹುಬ್ಬು ಗಂಟಿಕ್ಕಿದ. "ನನಗೇನು ಲಾಭ?"

"ಲಾಭಗೀಭ ಗೊತ್ತಿಲ್ಲಪ್ಪ. ಆದರೆ ಕಡ ತಂದ ಪಾತ್ರೇನ ಬರಿದು ಮಾಡಿ ವಾಪಸು ಕೊಡೋರಲ್ಲ ನಾವು. ಒಂದು ಹಿಡಿ ಏನಾದರೂ ಹಾಕಿಯೇ ಕೊಡ್ತೀವಿ."

ಹೆಚ್ಚಿಗೆ ಒಂದು ಹಿಡಿ! ಜಂಭೂರನ ಬಾಯಲ್ಲಿ ನೀರೂರಿತು. ಇನ್ನೂ ಬೇಕು ಎಂಬ ರೋಗ ಅವನು ಹಂಚಿದ್ದು ಮಾತ್ರವಲ್ಲ, ಅವನಿಗೂ ಇತ್ತು. "ತಗೋ ಹಾಗಾದರೆ. ಕಡ ಕೊಟ್ಟೆ," ಎಂದು ಭರಣಿಯನ್ನು ಅವಳ ಕೈಗಿಟ್ಟ.

ಅವನ ಮಂತ್ರಕ್ಕೆ ಇದ್ದದ್ದು ಎರಡೇ ಕಾಲು. ಒಂದು ನನ್ನದು, ಇನ್ನೊಂದು ನಿನ್ನದು. ಈಗ ಭರಣಿ ಅವನ ಬಳಿ ಇಲ್ಲ, ಇವಳ ಸ್ವತ್ತೂ ಅಲ್ಲ. ಮಂತ್ರಕ್ಕೆ ಕಾಲೂರಲು ಜಾಗ ಸಿಗಲಿಲ್ಲ. ಅದು ತಡವರಿಸಿತು, ಬಿತ್ತು. ಅದು ಬಿದ್ದ ಸದ್ದಿಗೆ ಸಾವಿರಾರು ಭರಣಿಗಳು ಒಟ್ಟಿಗೆ ಒಡೆದವು.

ಇಳಿಹೊತ್ತುಗಳು ಗುಡ್ಡದಿಂದ ಹಳದಿ ಹೊಳೆಯಂತೆ ಹರಿದವು. ತಮ್ಮ ತಮ್ಮ ಬೀದಿ ಹುಡುಕಿಕೊಂಡು ಹೋಗಿ ತಮ್ಮ ತಮ್ಮ ಜಗಲಿಯ ಮೇಲೆ ಕೂತವು. ದಾರಿಯ ಪೆಟ್ಟಿಗೆಗಳೆಲ್ಲ ಮನುಷ್ಯರಾಗಿ ಎದ್ದು ಮೈಮುರಿದವು. ತಿಪ್ಪಕ್ಕನ ಎಡಗೈ ಜುಮ್ಮೆಂದು ಮತ್ತೆ ಕೈಯಾಯಿತು. ಜಂಭೂರ ಮಾತ್ರ ಒಡೆದ ಚೂರುಗಳನ್ನು ಬಾಚಿಕೊಳ್ಳುತ್ತ "ನನ್ನದು, ನನ್ನದು" ಎಂದು ಕೂಗಿದ. ಕೂಗುತ್ತ ಕೂಗುತ್ತ ಬೀಗವಿಲ್ಲದ ಒಂದು ಸಣ್ಣ ಪೆಟ್ಟಿಗೆಯಾದ. ಅದನ್ನು ಬೀದಿಯವರು ಹೊತ್ತು ತಂದು ಕೋಳಿಗೂಡು ಮಾಡಿದರು. ಕೊಟ್ಟ ಮಾತಿನಂತೆ ತಿಪ್ಪಕ್ಕ ಅದರೊಳಗೆ ಒಂದು ಹಿಡಿ ನವಣೆ ಹಾಕಿದಳು. ಕೋಳಿಗಳು ತಿಂದವು.

ತಿಪ್ಪಕ್ಕ ಗುಡ್ಡ ಇಳಿದು ಊರು ಸೇರುವಷ್ಟರಲ್ಲಿ ರಾಜ ಡಂಗುರ ಹೊಡೆಸಲು ಹೊರಟಿದ್ದ. "ಎಲ್ಲರೂ ಸಾಮಾನು ಸುಡತಕ್ಕದ್ದು!"

"ಸುಡೋದು ಯಾಕೆ ದೊರೆ?" ತಿಪ್ಪಕ್ಕ ಕೇಳಿದಳು. "ಬೇಡ ಅಂತ ಗೊತ್ತಾದ ಮೇಲೆ ಅದು ಯಾರನ್ನೂ ಕಚ್ಚೋಲ್ಲ. ಪಕ್ಕದ ನಾಡಲ್ಲಿ ಏಣಿ ಇಲ್ಲದೋರಿದ್ದಾರೆ, ಕಳಿಸಿ. ಸೂರಿಲ್ಲದೋರಿಗೆ ನಿಮ್ಮ ಅರಮನೆ ಕೋಣೆ ಬಿಡಿ. ಅಪ್ಪ ಮಗ ಇಬ್ಬರಿಗೆ ಎಂಬತ್ತು ಕೋಣೆ ಯಾತಕ್ಕೆ?"

ಪೆಟ್ಟಿಗೆಯಾಗಿದ್ದು ಬಂದ ರಾಜನಿಗೆ ಸ್ವಲ್ಪ ಬುದ್ಧಿ ಬಂದಿತ್ತು. ಎಪ್ಪತ್ತೆಂಟು ಬಿಟ್ಟ. ಕೆಲವರು ಅತ್ತರು, ಗಾಡಿ ಮತ್ತೆ ಬರಲಿ ಎಂದು ಬಾಗಿಲಲ್ಲಿ ಕಾದವರೂ ಇದ್ದರು. ಗಾಡಿ ಬರಲಿಲ್ಲ. ಕಾಯುತ್ತ ಬಾಗಿಲಲ್ಲಿ ಕೂತವರು ಎದುರುಮನೆಯವರನ್ನು ಕಂಡರು, ಊಟ ಆಯ್ತಾ ಅಂದರು. ಅವರ ರೋಗ ಹಾಗೆ ಬಿಟ್ಟಿತು.

ತಿಪ್ಪಕ್ಕ ಮನೆಗೆ ಬಂದಾಗ ಮಾಳವ್ವ ಜಗಲಿಯ ಮೇಲೆ ಕಾಲು ಚಾಚಿ, ಬೆರಳು ಆಡಿಸುತ್ತ ಕೂತಿದ್ದಳು.

"ಅಕ್ಕಾ, ಒಳಗಿನ ಒಂಬತ್ತು ಕೊಪ್ಪರಿಗೆ ಏನು ಮಾಡೋಣ?"

"ನಾಳೆ ನೋಡೋಣ ಬಿಡು," ಎಂದಳು ಮಾಳವ್ವ. "ಈಗ ಬಂದು ಕೂತ್ಕೋ."

ತಿಪ್ಪಕ್ಕ ಕೂತಳು. ದನಗಳು ಬಂದವು. ಬಿಸಿಲು ಇಳಿಯಿತು. ಆ ನಾಡಿನವರು ಕಡಿಮೆ ಇಟ್ಟುಕೊಂಡು ಹೆಚ್ಚು ದಿನ ಬಾಳಿದರು. ಅವರು ಅಲ್ಲಿ ಸುಖವಾಗಿದ್ದರು. ನಾವು ಇಲ್ಲಿ ಸಾಮಾನು ಜೋಡಿಸುತ್ತಿದ್ದೇವೆ.