ಮುಂದಕ್ಕೆ ಸರಿದ ಸೀಟು

ನಮ್ಮ ಹಳೆಯ ಕಾರಿನ ಮೆಕ್ಯಾನಿಕ್, ರಿಪೇರಿ ಮುಗಿದಾಗಲೆಲ್ಲ ಕುಳ್ಳಿಯಾದ ನನಗೆಂದು ಸೀಟನ್ನು ಮುಂದಕ್ಕೆ ಸರಿಸಿಡುತ್ತಿದ್ದ. ಒಂದು ದಿನ ಆತ ಕಾರಿನಡಿ ಇದ್ದಾಗಲೇ, ಹೊತ್ತಾಯಿತೆಂದು ನನ್ನ ಮೈದುನ ಕಾರನ್ನೆತ್ತಿ ಹಿಡಿದಿದ್ದ ಜ್ಯಾಕನ್ನು ಇಳಿಸಿದ್ದನ್ನು ಕಣ್ಣಾರೆ ಕಂಡೆ. ಮೆಕ್ಯಾನಿಕ್ ಬದುಕಲಿಲ್ಲ.

"ತಾನಾಗೇ ಜಾರ್ತು" ಎಂದ ಮೈದುನ. ಮನೆಯ ಮರ್ಯಾದೆಗಾಗಿ ನಾನೂ ಬಾಯಿ ಬಿಡಲಿಲ್ಲ.

ಹಳೆಯದನ್ನು ಗುಜರಿಗೆ ಹಾಕಿ ಮೈದುನ ಎಲೆಕ್ಟ್ರಿಕ್ ಕಾರು ತಂದ. ದಿನಾ ಬೆಳಿಗ್ಗೆ ಅದರಡಿ ಕಪ್ಪು ಆಯಿಲ್ ಮಡುಗಟ್ಟಿರುತ್ತಿತ್ತು, ಸೀಟು ಮುಂದಕ್ಕೆ ಸರಿದಿರುತ್ತಿತ್ತು.

"ಎಂಜಿನ್ನೇ ಇಲ್ದಿರೋ ಗಾಡೀಲಿ ಆಯಿಲ್ ಎಲ್ಲಿಂದ ಅತ್ತಿಗೆ? ಸೀಟು ನೀವೇ ಸರಿಸ್ತೀರಾ?"

"ಕೀ ನಿನ್ನ ಜೇಬಲ್ಲೇ ಇದ್ಯಲ್ಲಪ್ಪಾ."

ನಿನ್ನೆ ಮಧ್ಯಾಹ್ನ ಮೈದುನ ಕಾರನ್ನು ಜ್ಯಾಕ್‌ನಿಂದ ಎತ್ತಿ, ಆಯಿಲ್ ಎಲ್ಲಿಂದ ಸೋರುತ್ತಿದೆಯೆಂದು ನೋಡಲು ಕೆಳಗೆ ನುಸುಳಿದ.

"ಅತ್ತಿಗೆ, ಜ್ಯಾಕ್ ಮುಟ್ಬೇಡಿ!" ಎಂದು ಕೂಗಿದ.

ನಾನು ಮಹಡಿಯ ಕಿಟಕಿಯಲ್ಲಿದ್ದೆ. ಜ್ಯಾಕ್ ಬಳಿ ಯಾರೂ ಇರಲಿಲ್ಲ. ಅದು ತಾನಾಗೇ ಜಾರಿತೆಂದೇ ಎಲ್ಲರಿಗೂ ಹೇಳಿದ್ದೇನೆ.