ಥೆಲ್ಮಾ ಕಟ್ಟಿದ ರೆಕ್ಕೆಗಳು

ಊರಿನ ಪತ್ರಿಕೆಯ ಮೂರನೇ ಪುಟದಲ್ಲಿ ಆರ್ವಿಡ್ ವಿಮಾನಕ್ಕೆ ಒರಗಿಕೊಂಡು ನಗುತ್ತಿದ್ದ. ಕೆಳಗೆ ಹೀಗೆ ಅಚ್ಚಾಗಿತ್ತು: ‘ಡೈರಿ ಯಂತ್ರಗಳ ಮೆಕ್ಯಾನಿಕ್ ಆರ್ವಿಡ್ ಟ್ವೆಟ್ಟನ್ ಒಬ್ಬರೇ ನಾಲ್ಕು ವರ್ಷ ದುಡಿದು ಗ್ಯಾರೇಜಿನಲ್ಲಿ ಕಟ್ಟಿದ ವಿಮಾನ. ಬಟ್ಟೆ ಹೊಲಿದುಕೊಟ್ಟವರು ಪರದೆ ಅಂಗಡಿಯ ಮಹಿಳೆ.’

ಮಹಿಳೆ!

ಥೆಲ್ಮಾ ಲಿಂಡ್‌ಗ್ರೆನ್ ಕಾಫಿ ಕಪ್ಪನ್ನು ಮೇಜಿನ ಮೇಲೆ ಕುಕ್ಕಿ ಎದ್ದಳು.

ಎರಡು ವರ್ಷದ ಹಿಂದೆ ಆ ಮನುಷ್ಯನೇ ಬಟ್ಟೆಯ ಥಾನು ಹೊತ್ತುಕೊಂಡು ಅವಳ ಪರದೆ ಅಂಗಡಿಗೆ ಬಂದಿದ್ದ.

“ರೆಕ್ಕೆಗೆ ಬಟ್ಟೆ ಹೊಲಿಸ್ಬೇಕಿತ್ತು.”

“ಯಾರ ರೆಕ್ಕೆಗೆ? ನೀನೇನು ದೇವದೂತನಾ?”

ಅವನ ಕಿವಿಗಳು ಕೆಂಪಾದವು. ನಲವತ್ತು ದಾಟಿದ ಗಂಡಸಿನ ಕಿವಿ ಹಾಗೆ ಕೆಂಪಾಗುವುದನ್ನು ಥೆಲ್ಮಾ ಅದುವರೆಗೆ ನೋಡಿರಲಿಲ್ಲ.

ಅವನ ಅಪ್ಪ ಮೂವತ್ತರ ದಶಕದಲ್ಲಿ ಹಳೇ ಕಾರಿನ ಎಂಜಿನ್ ಹಾಕಿ ಒಂದು ವಿಮಾನ ಕಟ್ಟಿದ್ದನಂತೆ. ಮನೆಯಲ್ಲಿ ಕಟ್ಟಿದ್ದಕ್ಕೆ ಲೈಸೆನ್ಸ್ ಇಲ್ಲವೆಂದು ಸರ್ಕಾರ ತಡೆದು, ಅದು ಕೊನೆಗೆ ಕೋಳಿಗೂಡಾಯಿತಂತೆ. ಎರಡನೇ ಮಹಾಯುದ್ಧ ಮುಗಿದ ಮೇಲೆ ಕಾನೂನು ಸಡಿಲವಾಯಿತು. ಅರ್ಧಕ್ಕಿಂತ ಹೆಚ್ಚನ್ನು ಸ್ವಂತ ಕೈಯಿಂದ ಕಟ್ಟಿದರೆ ಹಾರಿಸಬಹುದು. ಆಮೇಲೆ ವಿಸ್ಕಾನ್ಸಿನ್ನಿನ ಗ್ಯಾರೇಜುಗಳಿಂದ ಕಾರುಗಳು ಹೊರಬಿದ್ದವು, ಅಂಚೆಯಲ್ಲಿ ವಿಮಾನದ ನಕ್ಷೆಗಳು ಒಳಬಂದವು.

ಆರ್ವಿಡ್‌ನ ಗ್ಯಾರೇಜಿಗೆ ಹೋದ ಮೊದಲ ದಿನವೇ ಥೆಲ್ಮಾ ಅವನು ಅಂಟಿಸಿದ್ದ ರೆಕ್ಕೆಯೊಳಗಿನ ಮರದ ಪಕ್ಕೆಲುಬೊಂದನ್ನು ಎರಡು ಬೆರಳಲ್ಲಿ ಹಿಡಿದು ಅದುಮಿದಳು. ಅಂಟು ಬಿಟ್ಟು ಪಟಕ್ಕನೆ ಮುರಿಯಿತು.

“ಇದರಲ್ಲಿ ಹಾರೋಕೆ ಹೊರಟಿದ್ದೀಯೋ, ಸಾಯೋಕೋ?”

“ನಿಂಗೆ ಇದೆಲ್ಲ ಹೇಗೆ ಗೊತ್ತು?”

ಯುದ್ಧಕಾಲದಲ್ಲಿ ಅವಳು ಮೂರು ವರ್ಷ ಕಾರ್ಖಾನೆಯಲ್ಲಿ ರೆಕ್ಕೆ ಕಟ್ಟಿದ್ದಳು. ಸಂಬಳ ಉಳಿಸಿ ಹಾರಲು ಕಲಿತು, ಲೈಸೆನ್ಸನ್ನೂ ಪಡೆದಿದ್ದಳು. ಗಂಡಸರು ಮರಳಿದ ವಾರವೇ ಕಾರ್ಖಾನೆಯವರು ಒಂದು ಕೇಕು ಕತ್ತರಿಸಿ, ಚಪ್ಪಾಳೆ ತಟ್ಟಿ ಅವಳನ್ನು ಮನೆಗೆ ಕಳಿಸಿದರು. ಆ ಕೇಕಿನ ರುಚಿ ನೆನಪಾದರೆ ಅವಳ ಹಲ್ಲು ಈಗಲೂ ಕಚ್ಚಿಕೊಳ್ಳುತ್ತಿತ್ತು.

ಅಲ್ಲಿಂದಾಚೆಗೆ ಪ್ರತಿ ಶನಿವಾರ ಅವಳು ಅವನ ಗ್ಯಾರೇಜಿನಲ್ಲೇ. ಇಪ್ಪತ್ತೆಂಟು ಪಕ್ಕೆಲುಬುಗಳನ್ನೂ ಹೊಸದಾಗಿ ಮಾಡಿದಳು. ಅವಳ ರೆಪ್ಪೆಯ ಮೇಲೆ ಮರದ ಪುಡಿ ಕೂತರೆ ಆರ್ವಿಡ್ ಕೆಲಸ ಮರೆತು ನೋಡುತ್ತಿದ್ದ. ಅವಳು ತಲೆಯೆತ್ತಿದರೆ ಸಾಕು, ನಕ್ಷೆಗೆ ಮುಖ ಹುದುಗಿಸುತ್ತಿದ್ದ.

“ನಕ್ಷೆ ತಲೆಕೆಳಗಾಗಿದೆ,” ಎನ್ನುತ್ತಿದ್ದಳು.

“ಗೊತ್ತು. ಹೀಗೇ ಚೆನ್ನಾಗಿ ಅರ್ಥ ಆಗತ್ತೆ.”

ಅಂಥವನು, ಇವತ್ತು ಹೀಗೆ!

ಥೆಲ್ಮಾ ಹುಲ್ಲು ಸಾಗಿಸುವ ಟ್ರೇಲರನ್ನು ಟ್ರಕ್ಕಿಗೆ ಸಿಕ್ಕಿಸಿಕೊಂಡು ಅವನ ಅಂಗಳಕ್ಕೆ ನುಗ್ಗಿದಳು. ಪತ್ರಿಕೆಯನ್ನು ಅವನೆದೆಗೆ ಎಸೆದು, ಸ್ಪ್ಯಾನರ್ ಎತ್ತಿಕೊಂಡು, ಎಡ ರೆಕ್ಕೆಯ ಬೋಲ್ಟಿಗೆ ಕೈ ಹಾಕಿದಳು.

“ಏನ್ ಮಾಡ್ತಿದ್ದೀಯ ಥೆಲ್ಮಾ?”

“ಪರದೆ ಬಿಚ್ತಿದ್ದೀನಿ. ಆ ತುದಿ ಹಿಡಿ. ಬಟ್ಟೆ ಹರಿದ್ರೆ ನೋಡು ಮತ್ತೆ!”

ಆರ್ವಿಡ್ ಹಿಡಿದ. ತನ್ನ ವಿಮಾನದ ರೆಕ್ಕೆಗಳನ್ನು ತಾನೇ ಹೊತ್ತು ಟ್ರೇಲರಿಗೆ ಏರಿಸಿದ, ಕೆಳಗೆ ಕಂಬಳಿಯನ್ನೂ ಹಾಸಿದ. ಅದನ್ನು ಕಂಡು ಅವಳ ಸಿಟ್ಟು ಇನ್ನೂ ನೆತ್ತಿಗೇರಿತು.

“ಆ ವರದಿಗಾರ ನನ್ನ ಬಗ್ಗೆ ಕೇಳಲೇ ಇಲ್ವಾ?”

“ಕೇಳಿದ. ಅವರು ನಿಮಗೇನಾಗ್ಬೇಕು ಅಂದ.” ಆರ್ವಿಡ್ ಬೂಟಿನ ತುದಿ ನೋಡಿದ. “ಏನನ್ಬೇಕೋ ತೋಚಲಿಲ್ಲ. ನನ್ನ ಹುಡುಗಿ ಅಂದ್ರೆ ನೀನು ಏನಂದ್ಕೋತೀಯೋ, ಬರೀ ಸ್ನೇಹಿತೆ ಅಂದ್ರೆ ನಂಗೇ ಸಂಕಟ. ಸುಮ್ಮನಾಗ್ಬಿಟ್ಟೆ.”

“ಅಯ್ಯೋ ಮಂಕೇ! ನಂಗೊಂದು ಹೆಸರಿತ್ತಲ್ಲೋ! ಅದನ್ನ ಹೇಳೋಕೇನಾಗಿತ್ತು ನಿಂಗೆ ದೊಡ್ಡರೋಗ?”

ಟ್ರಕ್ಕು ಧೂಳೆಬ್ಬಿಸಿ ಹೊರಟಿತು. ದಾರಿಯುದ್ದಕ್ಕೂ ಅವಳು ಅವನನ್ನು ಬೈದಳು. ಬೈಯುವಾಗ ಕಣ್ಣೇಕೆ ಒದ್ದೆಯಾಗುತ್ತಿದೆಯೆಂದು ತನ್ನನ್ನೂ ಬೈದುಕೊಂಡಳು.

ಗುರುವಾರ ವಿಮಾನ ಪರೀಕ್ಷಿಸಲು ಸರ್ಕಾರದ ಇನ್ಸ್‌ಪೆಕ್ಟರ್ ಪ್ರೂಯಿಟ್ ಬಂದ. ಆರ್ವಿಡ್ ಅವನನ್ನು ನೇರ ರೆಕ್ಕೆಗಳಿದ್ದ ಥೆಲ್ಮಾಳ ಕೊಟ್ಟಿಗೆಗೆ ಕರೆತಂದ. ಪ್ರೂಯಿಟ್ ಅವಳಿಗೆ ಹ್ಯಾಟ್ ಎತ್ತಿ ವಂದಿಸಿ, ಬೆನ್ನು ತಿರುಗಿಸಿ, ಆರ್ವಿಡ್‌ನನ್ನು ಕೇಳಿದ:

“ಹೊಲಿಗೆ ಗಂಟುಗಳ ನಡುವೆ ಎಷ್ಟು ಅಂತರ ಬಿಟ್ಟಿದ್ದೀರಿ?”

“ಅವರನ್ನ ಕೇಳಿ.”

“ಒಳಗಿನ ಮರ ಯಾವುದು?”

“ಅವರನ್ನೇ ಕೇಳಿ.”

“ಅಲ್ಲಾ ಮಾರಾಯ್ರೆ, ವಿಮಾನ ಕಟ್ಟಿದವರು ನೀವಲ್ವಾ?”

“ಒಡಲು ನಂದು. ರೆಕ್ಕೆಗಳನ್ನ ಕಟ್ಟಿದವರು ಥೆಲ್ಮಾ ಲಿಂಡ್‌ಗ್ರೆನ್. ನಾನು ಕಟ್ಟಿದ್ದನ್ನ ಇವರು ಎರಡು ಬೆರಳಲ್ಲಿ ಮುರಿದು ಹಾಕಿದ್ರು. ಇಲ್ದಿದ್ರೆ ನಾನು ಇಷ್ಟೊತ್ತಿಗೆ ಸಮಾಧಿಯಲ್ಲಿರ್ತಿದ್ದೆ.” ಹೀಗೆಂದವನೇ ಆರ್ವಿಡ್ ಹೊರಗೆ ನಡೆದು, ಬೇಲಿಗೆ ಒರಗಿ, ಬೆನ್ನು ಹಾಕಿ ನಿಂತುಬಿಟ್ಟ.

ಪ್ರೂಯಿಟ್‌ಗೆ ಅವಳ ಕಡೆ ತಿರುಗದೆ ಬೇರೆ ದಾರಿಯಿರಲಿಲ್ಲ.

“ಎರಡೂವರೆ ಅಂಗುಲ,” ಎಂದಳು ಥೆಲ್ಮಾ. “ಅಳತೆಪಟ್ಟಿ ತಂದಿದ್ದೀರಲ್ಲ, ಅಳೆದು ನೋಡಿ. ಎಲ್ಲಾ ಗಂಟೂ ಅಳೀರಿ, ನಂಗೇನೂ ಅವಸರ ಇಲ್ಲ.”

ಪ್ರೂಯಿಟ್ ಒಂದು ಗಂಟೆ ಹೊತ್ತು ಅಳೆದ. ಕೊನೆಗೆ ‘ಕಟ್ಟಿದವರು’ ಎಂಬಲ್ಲಿ ಎರಡು ಹೆಸರು ಬರೆದ. ಥೆಲ್ಮಾ ತನ್ನ ಹೆಸರಿನ ಕಾಗುಣಿತ ತಿದ್ದಿಸಿದಳು.

ಅದೇ ಸಂಜೆ ಅವಳೇ ರೆಕ್ಕೆಗಳನ್ನು ವಾಪಸ್ ತಂದಳು. ಇಬ್ಬರೂ ಕೂಡಿ ಜೋಡಿಸಿದರು. ಮುಂದಿನ ವಾರ ಪ್ರೂಯಿಟ್ ಇಡೀ ವಿಮಾನ ನೋಡಿ ಸಹಿ ಹಾಕಿದ. ಹಾರಿಸುವ ದಿನ ಹುಲ್ಲಿನ ರನ್‌ವೇ ಪಕ್ಕದಲ್ಲಿ ಊರಿನ ವಿಮಾನ ಕ್ಲಬ್ಬಿನ ಗಂಡಸರೆಲ್ಲ ಸಾಲಾಗಿ ನಿಂತಿದ್ದರು.

“ಇದಕ್ಕೆ ಗಟ್ಟಿ ಪೈಲಟ್ ಬೇಕು,” ಎಂದನೊಬ್ಬ. “ಮೊದಲ ಹಾರಾಟ ನಾನೇ ಮಾಡ್ಲಾ?”

ಥೆಲ್ಮಾ ಬಾಯಿ ತೆರೆಯುವುದರೊಳಗೆ ಆರ್ವಿಡ್ ಅಂದ: “ಗಟ್ಟಿ ಪೈಲಟ್ ಇಲ್ಲೇ ಇದ್ದಾರೆ. ಸ್ವಲ್ಪ ದಾರಿ ಬಿಡಿ.”

ಒಂಟಿ ಸೀಟಿನ ವಿಮಾನ. ಅವಳು ಹತ್ತಿ ಕೂತಳು. ಆರ್ವಿಡ್ ಅವಳ ಸೀಟಿನ ಪಟ್ಟಿಯನ್ನು ಬಿಗಿದು, ಬಿಚ್ಚಿ, ಮತ್ತೆ ಬಿಗಿದ.

“ಹೆದರಿಕೆನಾ?” ಎಂದಳು.

“ವಿಮಾನಕ್ಕಲ್ಲ.”

ಚಕ್ರಗಳು ಹುಲ್ಲು ಬಿಟ್ಟವು. ಕೆಳಗೆ ಓಟ್ಸ್ ಹೊಲ, ಕೆಂಪು ಕೊಟ್ಟಿಗೆಗಳು, ಕೆರೆ. ಆ ಕೇಕು ಕತ್ತರಿಸಿದ ದಿನದಿಂದ ಹದಿನೆಂಟು ವರ್ಷ ಎದೆಯಲ್ಲಿ ಹೊಗೆಯಾಡುತ್ತಿದ್ದದ್ದನ್ನೆಲ್ಲ ಥೆಲ್ಮಾ ಅಲ್ಲಿ ಕಿರುಚಿ ಹೇಳಿದಳು. ಕೇಳಲು ಯಾರೂ ಇರಲಿಲ್ಲ. ರೆಕ್ಕೆಗಳು ಮಾತ್ರ ಅಲುಗದೆ ಅವಳನ್ನು ಹೊತ್ತವು.

ಇಳಿದು ನಿಲ್ಲಿಸಿದಾಗ ಆರ್ವಿಡ್ ಓಡಿಬಂದು ಏನೋ ಕೂಗಿದ. ಎಂಜಿನ್ನಿನ ಅಬ್ಬರದಲ್ಲಿ ಸಾಲಿನಲ್ಲಿದ್ದ ಯಾರಿಗೂ ಮಾತು ಕೇಳಿಸಲಿಲ್ಲ. ಅವಳು ಎಂಜಿನ್ ಆರಿಸಿದಳು.

“ಏನಂದೆ?”

ಮೈದಾನ ಒಮ್ಮೆಲೇ ನಿಶ್ಶಬ್ದವಾಯಿತು. ಕ್ಲಬ್ಬಿನವರೆಲ್ಲ ಕಿವಿ ನಿಮಿರಿಸಿದರು. ಆರ್ವಿಡ್ ಒಮ್ಮೆ ಅವರತ್ತ ನೋಡಿದ.

“ನಿನ್ನನ್ನ ಪ್ರೀತಿಸ್ತೀನಿ ಥೆಲ್ಮಾ ಲಿಂಡ್‌ಗ್ರೆನ್, ಅಂದೆ. ನನ್ನ ಮದುವೆ ಆಗ್ತೀಯಾ ಅಂತಲೂ ಅಂದೆ.”

ಸಾಲಿನಲ್ಲಿ ಯಾರೋ ಶಿಳ್ಳೆ ಹೊಡೆದರು.

ಥೆಲ್ಮಾ ಹಾರಾಟದ ಕನ್ನಡಕವನ್ನು ಹಣೆಗೇರಿಸಿ, ಅವನ ಕೆಂಪು ಕಿವಿಗಳನ್ನು ಸಾವಕಾಶವಾಗಿ ನೋಡಿದಳು.

“ಆಗ್ತೀನಿ. ಮೊದಲನೇ ಸಲವೇ ಕೇಳಿಸಿತ್ತು ಕಣೋ,” ಎಂದಳು. “ಇವರಿಗೆಲ್ಲ ಕೇಳಿಸ್ಲಿ ಅಂತ ಎಂಜಿನ್ ಆರಿಸಿದೆ.”