ಬಾಗಿಲಿಲ್ಲದ ಕಾರು

ಎತ್ತುಗಳು ಬೆದರಿದವು. ಗಾಡಿ ಒಂದು ಕಡೆಗೆ ವಾಲಿತು. ಎರಡೂ ಕಡೆ ಪರದೆ ಕಟ್ಟಿದ್ದ ಕಮಾನಿನೊಳಗಿಂದ ನೀಲಗಂಗಾ ಉರುಳಿ ರಸ್ತೆಯ ಮೇಲೆ ಬಿದ್ದಳು.

ಎದುರಿಗೆ ನಿಂತಿದ್ದು ಒಂದು ಕಾರು... ಕಾರು ಅನ್ನಬೇಕೋ ಬೇಡವೋ! ಬಾಗಿಲಿಲ್ಲ, ಮೇಲೆ ಹೊದಿಕೆಯಿಲ್ಲ, ಮುಂದೆ ಗಾಜಿಲ್ಲ. ಚಕ್ರಗಳು, ಒಂದು ಇಂಜಿನ್, ಕೂರಲು ಎರಡು ಹಲಗೆ, ಅಷ್ಟೇ.

ಅದರಿಂದ ಹಾರಿ ಇಳಿದ ಯುವಕ ಓಡಿ ಬಂದ. ಮುಖದ ತುಂಬ ಕೆಂಧೂಳು.

"ಪೆಟ್ಟಾಯ್ತೇನಮ್ಮ?"

"ಗೊತ್ತಾಗ್ತಿಲ್ಲ."

ಅವಳು ಸುಳ್ಳು ಹೇಳಲಿಲ್ಲ. ಮೊಣಕೈಯಿಂದ ರಕ್ತ ಇಳಿದು ಸೆರಗು ನೆನೆಯುತ್ತಿತ್ತು. ಇನ್ಯಾರದ್ದೋ ಕೈ ಎಂಬಂತೆ ಅವಳು ಅದನ್ನು ನೋಡುತ್ತಿದ್ದಳು. ಆ ನೋಟ ಕಂಡು ಅವನಿಗೆ ರಕ್ತ ಕಂಡದ್ದಕ್ಕಿಂತ ಹೆಚ್ಚು ಭಯವಾಯಿತು.

ನೀಲಗಂಗಾ ಅರಕಲಗೂಡಿನ ಹೊಗೆಸೊಪ್ಪಿನ ವ್ಯಾಪಾರಿ ಪಾಲಾಕ್ಷಪ್ಪನವರ ಒಬ್ಬಳೇ ಮಗಳು. ಚನ್ನರಾಯಪಟ್ಟಣಕ್ಕೆ ಮದುವೆಯಾಗಿ ಹೋದ ವರ್ಷವೇ ಗಂಡ ವಿಷಮಶೀತ ಜ್ವರಕ್ಕೆ ತೀರಿಕೊಂಡ. ಅಂದು ಅವಳು ಅಳಲಿಲ್ಲ. ತವರಿಗೆ ಮರಳಿದ ಮೇಲೂ ಅಳಲಿಲ್ಲ. ಕರೆದರೆ ಉಣ್ಣುವಳು, ಹೇಳಿದರೆ ಮಲಗುವಳು. ಏನು ಕೇಳಿದರೂ ಒಂದೇ ಉತ್ತರ... "ನಿಮ್ಮಿಷ್ಟ." ಕಲ್ಲಾಗಿ ಹೋದಳು ಎಂದು ಬೀದಿಯವರು ಆಡಿಕೊಳ್ಳುತ್ತಿದ್ದರು. ಆಡಿಕೊಳ್ಳುವುದು ಅವಳಿಗೂ ಕೇಳಿಸುತ್ತಿತ್ತು, ನೋವು ಮಾತ್ರ ಆಗುತ್ತಿರಲಿಲ್ಲ.

ಅವರ ಕುಲದಲ್ಲಿ ಗಂಡ ಸತ್ತವಳಿಗೆ ಉಡಿಕೆ ಮಾಡಿ ಮತ್ತೊಬ್ಬರಿಗೆ ಕೊಡುವ ಪದ್ಧತಿ ಉಂಟು. ಆದರೆ ಅದಕ್ಕೆ ಚಪ್ಪರವಿಲ್ಲ, ವಾಲಗವಿಲ್ಲ. ಹೊತ್ತು ಮುಳುಗಿದ ಮೇಲೆ ಹಿತ್ತಲ ಕೋಣೆಯಲ್ಲಿ ನಾಲ್ಕು ಜನ ಹಿರಿಯರು ಕೂತು ಹೊಸ ಸೀರೆ ಉಡಿಸಿ ಮುಗಿಸಿಬಿಡುತ್ತಾರೆ. ಮುತ್ತೈದೆಯರು ಆ ಕಡೆ ತಲೆ ಹಾಕುವುದಿಲ್ಲ. ತಾಯಿ ದಾಕ್ಷಾಯಣಮ್ಮ ಎಷ್ಟೋ ಸಲ ಆ ಮಾತು ಎತ್ತಿದ್ದರು. "ನಿಮ್ಮಿಷ್ಟ" ಎಂದಷ್ಟೇ ಹೇಳುವ ಮಗಳನ್ನು ಯಾರ ಕೈಗೆ ಕೊಡುವುದು? ಅಲ್ಲಿಗೇ ಬಿಟ್ಟಿದ್ದರು.

ಗಾಡಿಯ ಅಚ್ಚು ಮುರಿದಿತ್ತು. ಎತ್ತುಗಳನ್ನು ಹಿಡಿದು ನಿಂತಿದ್ದ ಆಳು ಕೆಂಪಣ್ಣ ಅವಳ ಕೈ ನೋಡಿ ಹೌಹಾರಿದ. "ಓಗವ್ವ, ಇವರ ಜೊತೇಲೆ ಓಗು. ರಕ್ತ ನಿಲ್ತಾನೇ ಇಲ್ವಲ್ಲ" ಎಂದ.

ಹಲಗೆಯ ಮೇಲೆ ಕೂತಳು. ಕಾರು ಹೊರಟಿತು.

ಅಯ್ಯೋ... ಇದೇನಿದು!

ಕಾಲ ಪಕ್ಕದಲ್ಲೇ ನೆಲ ಓಡುತ್ತಿತ್ತು. ಒಂದೊಂದು ಕಲ್ಲೂ ಬೆನ್ನುಮೂಳೆಗೆ ಬಂದು ತನ್ನ ಸುದ್ದಿ ಹೇಳಿ ಹೋಗುತ್ತಿತ್ತು. ಮಣ್ಣು ಮೆತ್ತಗಾದದ್ದು, ಮರಳು ಬಂದದ್ದು, ಎಲ್ಲ ತಿಳಿಯುತ್ತಿತ್ತು. ತಿರುವಿನಲ್ಲಿ ಅವನು ಬೆರಳಲ್ಲಿ ಸ್ಟಿಯರಿಂಗ್ ತುಸು ತಿರುಗಿಸಿದರೆ ಸಾಕು, ಕಾರು ಮರುಕ್ಷಣವೇ ತಿರುಗುತ್ತಿತ್ತು. ಗಾಳಿ ಬಂದು ಕೆನ್ನೆಗೆ ಬಡಿಯಿತು. ನೀಲಗಂಗಾಳಿಗೆ ಭಯವಾಯಿತು. ನಿಜವಾದ ಭಯ! ಹಲಗೆಯ ಅಂಚನ್ನು ಬಿಗಿಯಾಗಿ ಹಿಡಿದುಕೊಂಡಳು. ಅದರ ಹಿಂದೆಯೇ ಮೊಣಕೈ ಉರಿಯತೊಡಗಿತು.

'ನನಗೆ ನೋಯ್ತಿದೆ' ಎಂದುಕೊಂಡಳು. ಆಶ್ಚರ್ಯದಿಂದ ಇನ್ನೊಮ್ಮೆ ಅಂದುಕೊಂಡಳು.

"ಇದರ ಬಾಗಿಲೆಲ್ಲಿ?" ಎಂದಳು. ತಾನಾಗಿ ಬಾಯಿಬಿಟ್ಟು ಒಂದು ಪ್ರಶ್ನೆ ಕೇಳಿ ಅವಳಿಗೆ ಎಷ್ಟು ಕಾಲವಾಗಿತ್ತೋ.

"ಬಿಚ್ಚಾಕ್ದೆ. ಭಾರ."

ಅವನ ಹೆಸರು ಗೌರೀಶಂಕರ. ಹಾಸನದವನು. ಅಣ್ಣಂದಿರ ಜೊತೆ ಪಾಲಾದಾಗ ಮನೆ, ಜಮೀನು ಅವರಿಗೇ ಬಿಟ್ಟು, ಒಂದು ಷೆಡ್ಡನ್ನೂ ಸಕಲೇಶಪುರದ ಬಿಳಿ ದೊರೆಯೊಬ್ಬ ಬಿಟ್ಟುಹೋದ ಈ ಪುಟ್ಟ ಕಾರನ್ನೂ ತೆಗೆದುಕೊಂಡವನು. ರಾಮನಾಥಪುರದಿಂದ ಹೊಗೆಸೊಪ್ಪಿನ ಮಾದರಿ ಕಟ್ಟುಗಳನ್ನು ಹಾಸನದ ಮಂಡಿಗಳಿಗೆ ಬಸ್ಸಿಗಿಂತ ಮುಂಚೆ ಮುಟ್ಟಿಸುವುದು ಅವನ ಕಸುಬು. ಕಾರಿನ ಮಾತು ಬಂದರೆ ಮಾತ್ರ ಅವನ ಬಾಯಿಗೆ ಬೀಗವಿಲ್ಲ. ಬಾಗಿಲು, ಗಾಜು, ಮೆತ್ತೆ ಎಲ್ಲ ಇದ್ದರೆ ಸವಾರ ಸುಖವಾಗಿರುತ್ತಾನೆ, ಆದರೆ ಕೆಳಗೆ ಏನು ನಡೆಯುತ್ತಿದೆ ಎಂದು ಅವನಿಗೆ ತಿಳಿಯುವುದೇ ಇಲ್ಲ ಎಂದು ದಾರಿಯುದ್ದಕ್ಕೂ ಹೇಳಿದ. ಅವಳು ಒಂದೂ ಮಾತು ಬಿಡದೆ ಕೇಳಿಸಿಕೊಂಡಳು.

ಆಮೇಲೆ ಅರಕಲಗೂಡಿನ ಮೇಲೆ ಹಾದುಹೋದಾಗಲೆಲ್ಲ ಅವನು ಪಾಲಾಕ್ಷಪ್ಪನವರ ಮನೆ ಮುಂದೆ ನಿಲ್ಲಿಸುತ್ತಿದ್ದ. ಮೊದಲು ಗಾಯದ ನೆಪ, ಆಮೇಲೆ ಮಾದರಿಯ ನೆಪ, ಕೊನೆಗೆ ನೀರಿನ ನೆಪ. ಕಾರಿನ ಸದ್ದು ಕೇಳಿದರೆ ನೀಲಗಂಗಾ ಬಾಗಿಲಿಗೆ ಬರುತ್ತಿದ್ದಳು. ಬಂದು ಸುಮ್ಮನೆ ನಿಲ್ಲುತ್ತಿದ್ದಳು.

ಒಂದು ದಿನ ಅವನು ಅವಳನ್ನೇ ಕೇಳಿದ. ತನ್ನನ್ನು ಒಪ್ಪುವುದಾದರೆ ಹಿರಿಯರನ್ನು ಕಳಿಸುತ್ತೇನೆ ಎಂದ.

"ನನಗೆ ಏನೂ ಅನ್ನಿಸೋದಿಲ್ಲ" ಎಂದಳು. "ಅಂಥವಳನ್ನ ಕಟ್ಕೊಂಡು ಏನ್ಮಾಡ್ತೀರಿ?"

"ಅನ್ನಿಸೋವರ್ಗೂ ಕಾಯ್ತೀನಿ ಬಿಡಿ."

ಮಳೆ ಹಿಡಿದಾಗ ಕಾರು ಅರಕಲಗೂಡಿನಲ್ಲೇ ಕೆಟ್ಟಿತು. ಇಂಜಿನ್ನಿನ ಯಾವುದೋ ಭಾಗ ತರಲು ಅವನು ರೈಲಿನಲ್ಲಿ ಮೈಸೂರಿಗೆ ಹೋದ. ಕಾರು ಪಾಲಾಕ್ಷಪ್ಪನವರ ಸೊಪ್ಪಿನ ಕೊಟ್ಟಿಗೆಯಲ್ಲಿ ನಿಂತಿತು. ಅದನ್ನು ನೋಡಿ ನೋಡಿ ಮನೆಯವರಿಗೆ ಮರುಕ ಬಂತು. ವ್ಯಾಪಾರಸ್ಥರ ಮನೆ ಅದು. ಚೆನ್ನಾಗಿರುವ ಬಾಗಿಲನ್ನು ಯಾರಾದರೂ ಬಿಚ್ಚಿ ಎಸೆಯುತ್ತಾರೆಯೇ? ಬಿಚ್ಚಿದ್ದಾನೆ ಎಂದರೆ ಮಾರಿದ್ದಾನೆ ಎಂದೇ ಅರ್ಥ. "ಪಾಪ, ಪಾಲಿನಲ್ಲಿ ಏನೂ ಸಿಕ್ಕಿಲ್ಲ, ಒಂದೊಂದೇ ಮಾರ್ಕೊಂಡು ತಿಂತಾವ್ನೆ" ಎಂದರು ದಾಕ್ಷಾಯಣಮ್ಮ.

ನೀಲಗಂಗಾಳಿಗೆ ಈ ಮಾತು ನಾಟಿತು. ಹಾಗಾದರೆ ಭಾರ ಅಂದದ್ದು, ಸುಖ ಅಂದದ್ದು ಎಲ್ಲ ಮಾನ ಮುಚ್ಚಿಕೊಳ್ಳಲು ಆಡಿದ ಮಾತು! ಮಳೆಯಲ್ಲಿ ನೆನೆಯುತ್ತಾನಲ್ಲ ಎನ್ನಿಸಿತು. ಅವಳು ಗಾಡಿ ಮಾಡುವ ಬಡಗಿ ಬೋರಪ್ಪನನ್ನು ಕರೆಸಿದಳು. ತೇಗದ ಬಾಗಿಲು, ಅದಕ್ಕೆ ಕಮಲದ ಕೆತ್ತನೆ, ಹಿತ್ತಾಳೆ ಚಿಲಕ, ಮೇಲೆ ಬಿದಿರಿನ ಕಮಾನು, ಕಮಾನಿಗೆ ಕ್ಯಾನ್ವಾಸು. ತನ್ನ ಕಾಲಿನ ಹಳೆಯ ಬೆಳ್ಳಿಯನ್ನು ಅದಕ್ಕೇ ಕೊಟ್ಟಳು. ಅಷ್ಟು ಕಾಲದಲ್ಲಿ ಅವಳಾಗಿ ಬಯಸಿ ಮಾಡಿದ ಕೆಲಸ ಅದೊಂದೇ.

ಗೌರೀಶಂಕರ ಹಿಂತಿರುಗಿ ಬಂದ. ಕೊಟ್ಟಿಗೆಯ ಮುಂದೆ ನಿಂತವನು ನಿಂತೇ ಇದ್ದ.

"ಯಾರು ಮಾಡಿಸಿದ್ದು?"

ಮಗಳೇ ಎಂದು ಪಾಲಾಕ್ಷಪ್ಪ ಹೆಮ್ಮೆಯಿಂದ ಹೇಳಿದರು. ಅವನು ಚಿಲಕ ಮುಟ್ಟಿ ನೋಡಿದ. ನೀಲಗಂಗಾಳ ಕಡೆ ಒಮ್ಮೆ ತಿರುಗಿ ನೋಡಿದ. ತಂದಿದ್ದ ಭಾಗವನ್ನು ಇಂಜಿನ್ನಿಗೆ ಜೋಡಿಸಿ, ಬಾಗಿಲು ತೆಗೆದು ಒಳಗೆ ಕೂತ. ಬಾಗಿಲು ಹಾಕಿಕೊಂಡ. ಕಾರು ಏರಿನಲ್ಲಿ ಮುಲುಗುತ್ತ ಹೋಯಿತು.

ಆಮೇಲೆ ಅವನು ಬರಲಿಲ್ಲ. ರಾಮನಾಥಪುರಕ್ಕೆ ಬೇರೆ ದಾರಿಯಲ್ಲಿ ಹೋಗಿಬರುತ್ತಾನೆ ಎಂದು ಯಾರೋ ಹೇಳಿದರು.

ಮೊದಲು ಅವಳಿಗೆ ಏನೂ ಆಗಲಿಲ್ಲ. ಮತ್ತೆ ಅದೇ ಮರಗಟ್ಟಿದ ಮೈ, ಅದೇ ಗೋಡೆ, ಅದೇ ಊಟ. ಆದರೆ ಒಂದು ಮಧ್ಯಾಹ್ನ ಕೊಟ್ಟಿಗೆಯಲ್ಲಿ ಸೊಪ್ಪು ಆಯುತ್ತಿದ್ದ ಹೊನ್ನಕ್ಕ ಅಡುಗೆಮನೆಗೆ ಓಡಿ ಬಂದಳು.

"ಅವ್ವಾರೇ, ಬನ್ನಿ... ನಮ್ಮ ಗಂಗವ್ವ ಅಳ್ತಾವ್ರೆ!"

ದಾಕ್ಷಾಯಣಮ್ಮ ಕೈಯಲ್ಲಿದ್ದುದನ್ನು ಬಿಟ್ಟು ಬಂದರು. ಸೊಪ್ಪಿನ ಕಟ್ಟುಗಳ ನಡುವೆ, ಕಾರು ನಿಂತಿದ್ದ ಖಾಲಿ ಜಾಗದಲ್ಲಿ ಕೂತು ಮಗಳು ಬಿಕ್ಕಿ ಬಿಕ್ಕಿ ಅಳುತ್ತಿದ್ದಳು. ತಾಯಿ ಸಮಾಧಾನ ಮಾಡಲಿಲ್ಲ. ಪಕ್ಕದಲ್ಲಿ ಕೂತು ತಲೆ ಸವರುತ್ತ, "ಅಳು ಮಗಾ, ಅಳು" ಎನ್ನುತ್ತಿದ್ದರು. ಅವರ ಮುಖದಲ್ಲಿ ಸಂತೋಷವಿತ್ತು.

"ಅವ್ವಾ, ನಾನು ಹಾಸನಕ್ಕೆ ಹೋಗ್ಬೇಕು" ಎಂದಳು ನೀಲಗಂಗಾ.

ಹೋಗಬೇಕು ಎಂಬ ಮಾತು ಆ ಬಾಯಿಂದ! ಪಾಲಾಕ್ಷಪ್ಪ ಕೇಳಿಸದವರಂತೆ ಸೊಪ್ಪು ಮೂಸುತ್ತ ಕೂತರು. ಮಾರನೆಯ ಬೆಳಿಗ್ಗೆ ಹೊನ್ನಕ್ಕನ ಜೊತೆ ಅವಳು ಬಸ್ಸು ಹತ್ತಿದಳು.

ಷೆಡ್ಡಿನ ಮುಂದೆ ಕಾರು ನಿಂತಿತ್ತು. ಕಮಲದ ಬಾಗಿಲುಗಳು ಹಾಗೆಯೇ ಇದ್ದವು, ಒರೆಸಿ ಹೊಳಪು ಬಂದಿತ್ತು. ಮೈಗೆ ಎಣ್ಣೆ ಮೆತ್ತಿಕೊಂಡ ಗೌರೀಶಂಕರ ಎದ್ದು ನಿಂತ. ಹೊನ್ನಕ್ಕ ದೂರದಲ್ಲಿ ಎಲೆಯಡಿಕೆ ಬಿಚ್ಚಿ ಕೂತಳು.

"ಯಾಕೆ ಬರ್ಲಿಲ್ಲ?" ನೀಲಗಂಗಾ ನೇರವಾಗಿಯೇ ಕೇಳಿದಳು.

ಅವನು ಕೈಯಲ್ಲಿದ್ದ ಸ್ಪ್ಯಾನರನ್ನು ಒರೆಸುತ್ತ ಹೇಳಿದ. "ನೀವು ಗಾಡೀಲಿ ಪರದೆ ಕಟ್ಕೊಂಡು ಓಡಾಡೋರು. ಇದಕ್ಕೂ ಅಂಗೇ ಮುಚ್ಚಿಗೆ ಮಾಡ್ಸಿದ್ರಿ. ನನ್ನ ಪಕ್ಕ ನಾಲ್ಕು ಜನದ ಕಣ್ಣಿಗೆ ಕಾಣೋಕೆ ನಿಮಗೆ ನಾಚಿಕೆ ಅಂತ ತಿಳ್ಕೊಂಡೆ."

"ನಾಚಿಕೆ ಅಲ್ಲ. ನೀವು ಬಾಗಿಲು ಮಾರ್ಕೊಂಡು ಉಣ್ತಿದೀರ ಅಂತ ತಿಳ್ಕೊಂಡೆ. ನೆನೀತೀರಲ್ಲ ಅಂತ ಸಂಕಟ ಆಯ್ತು."

ಅವನು ಷೆಡ್ಡಿನ ಮೂಲೆಯತ್ತ ಕೈ ತೋರಿಸಿದ. ಹಳೆಯ ಬಾಗಿಲುಗಳು, ಗಾಜು, ಮೆತ್ತೆ ಎಲ್ಲ ಧೂಳು ತಿನ್ನುತ್ತ ಒರಗಿದ್ದವು. ಅವಳು ನೋಡಿದಳು. ಕಿವಿಯವರೆಗೆ ಕೆಂಪಾದಳು. ಆಮೇಲೆ ನಕ್ಕಳು... ತಡೆಯಲಾಗದೆ ನಕ್ಕಳು.

"ಮತ್ತೆ ಇವನ್ನ ಯಾಕೆ ಬಿಚ್ಚಲಿಲ್ಲ? ಏರು ಹತ್ತೋಕೂ ಆಗ್ತಿರಲಿಲ್ವಲ್ಲ."

"ನೀವು ಮಾಡ್ಸಿದ್ದು" ಎಂದ. "ಹೆಂಗೆ ಬಿಚ್ಚಲಿ? ಇದನ್ನ ನಡ್ಸೋದು ಬಿಟ್ರೆ ನನಗೆ ಬೇರೆ ಸುಖ ಗೊತ್ತಿರಲಿಲ್ಲ. ಅದನ್ನೂ ಬಿಡಬಹುದು ಅನ್ನಿಸ್ತು."

ಅವಳ ಎದೆ ತುಂಬಿ ಬಂತು. ಹತ್ತಿರ ಹೋಗಿ ಅವನ ಕೈಯಿಂದ ಸ್ಪ್ಯಾನರ್ ತೆಗೆದುಕೊಂಡಳು.

"ಎಲ್ಲಿಂದ ಬಿಚ್ಚಬೇಕು, ತೋರಿಸಿ."

ಇಬ್ಬರೂ ಸೇರಿ ಬಿಚ್ಚಿದರು. ಕಮಾನು ಇಳಿಯಿತು, ಬಾಗಿಲುಗಳು ಇಳಿದವು. ಅವಳು ಸೆರಗು ಬಿಗಿದು ಹಲಗೆಯ ಮೇಲೆ ಕೂತಳು. ಸಂತೆಗೆ ಬಂದವರು, ಕಚೇರಿಯವರು, ಬಸ್ಸಿನವರು ಎಲ್ಲರೂ ನೋಡುತ್ತಿದ್ದಂತೆ ಕಾರು ಹಾಸನದ ದೊಡ್ಡ ಬೀದಿಯಲ್ಲಿ ಹಾದು ಊರಾಚೆ ಬಂತು. ಜೋರಾಗಿ ಹೋಗಿ ಎಂದು ಅವಳೇ ಹೇಳಿದಳು. ಗಾಳಿ ಕಣ್ಣಲ್ಲಿ ನೀರು ತಂದಿತು. ಗಾಳಿಯದು ಎಷ್ಟು, ಅವಳದು ಎಷ್ಟು, ಅವಳಿಗೂ ತಿಳಿಯಲಿಲ್ಲ.

ಒಂದು ಮರದ ನೆರಳಲ್ಲಿ ಅವನು ಇಂಜಿನ್ ಆರಿಸಿದ.

"ಉಡಿಕೆಗೆ ಹಿರಿಯರನ್ನ ಯಾವಾಗ ಕಳಿಸ್ಲಿ?"

"ಈ ಸೋಮವಾರವೇ ಕಳಿಸಿ. ಆದ್ರೆ ಹಿತ್ತಲ ಕೋಣೆ ಬೇಡ. ಹೊತ್ತು ಮುಳುಗಿದ ಮೇಲೆ ಬೇಡ. ಹಗಲು ಹೊತ್ತು, ಜಗಲಿ ಮೇಲೆ ಆಗ್ಲಿ."

"ಅಂಗೆ ಯಾರೂ ಮಾಡಿಲ್ಲ ಗಂಗಾ. ಊರು ಸುಮ್ನಿರುತ್ತಾ?"

"ಮಾತಾಡ್ಲಿ. ನನಗೆ ನೀವು ಬೇಕು. ಹಗಲಲ್ಲೇ ಬೇಕು."

ಅವನು ಅವಳ ಕಡೆ ಪೂರ್ತಿ ತಿರುಗಿದ. ಎಣ್ಣೆ ಮೆತ್ತಿದ ಕೈಯಲ್ಲೇ ಅವಳ ಕೈ ಹಿಡಿದುಕೊಂಡ.

"ಕೈ ಬಿಸಿಯಾಗಿದೆ" ಎಂದಳು ಅವಳು.

"ಗೊತ್ತಾಗ್ತಿದ್ಯಾ?"

"ಹೂಂ... ಗೊತ್ತಾಗ್ತಿದೆ."